ಕಪ್ಪು ಮುಖದ ‘ಪೈಲಟ್’: ಹಳೆಯ ಎಚ್‌ಎಂಟಿ ಕೊಳ್ಳುವ ಮುನ್ನ

ಒಂದು ಕಾಲದಲ್ಲಿ ಮದುವೆಯ ಉಡುಗೊರೆಯಾಗಿ, ಪರೀಕ್ಷೆ ಪಾಸಾದವರಿಗೆ ಬಹುಮಾನವಾಗಿ ಮನೆ ಮನೆ ಸೇರಿದ್ದ ಎಚ್‌ಎಂಟಿ ಕೈಗಡಿಯಾರಗಳು ಈಗ ಸಂಗ್ರಾಹಕರ ಆಸ್ತಿ. ಅವುಗಳ ಪೈಕಿ ಅತಿ ಹೆಚ್ಚು ಬೇಡಿಕೆಯಿರುವ ಮಾದರಿಗಳಲ್ಲಿ ‘ಪೈಲಟ್’ ಒಂದು. ಕಪ್ಪು ಡಯಲ್, ಅದರ ಮೇಲೆ ಸ್ಫುಟವಾದ ಬಿಳಿ ಅಂಕಿಗಳು, ದಿನವೂ ಕೀ ಕೊಡಬೇಕಾದ ಯಂತ್ರ. ಇಷ್ಟೇ ಅದರ ಸಂಪತ್ತು. ಆದರೆ ಬೇಡಿಕೆ ಹೆಚ್ಚಿದಂತೆ ಕಲಬೆರಕೆಯೂ ಹೆಚ್ಚಿದ್ದು, ‘ಪೈಲಟ್’ ಎಂದು ಮಾರಾಟವಾಗುವುದೆಲ್ಲ ಕಾರ್ಖಾನೆಯಿಂದ ಹೊರಬಂದ ಪೈಲಟ್ ಅಲ್ಲ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಆರಂಭವಾಯಿತು. ಪೈಲಟ್‌ನ ಒಳಗಿರುವುದು ಆ ಸಹಯೋಗದ ಫಲವಾದ 020 ಕುಟುಂಬದ ಯಂತ್ರ: 17 ಜ್ಯುವೆಲ್, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಡಯಲ್ ಮೇಲೆ ಕಾಣುವ ‘ಪ್ಯಾರಾಶಾಕ್’ ಎಂಬ ಪದವೂ ಸಿಟಿಜನ್‌ನ ಕೊಡುಗೆಯೇ. ಗಡಿಯಾರ ಕೆಳಗೆ ಬಿದ್ದಾಗ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದಂತೆ ಆಘಾತವನ್ನು ಸ್ಪ್ರಿಂಗ್ ಹೀರಿಕೊಳ್ಳುವ ವ್ಯವಸ್ಥೆ ಅದು. 1956ರಲ್ಲಿ ಸಿಟಿಜನ್ ಇದನ್ನು ಸಾಬೀತುಪಡಿಸಲು ಹೆಲಿಕಾಪ್ಟರ್‌ನಿಂದ ಗಡಿಯಾರಗಳನ್ನು ನೆಲಕ್ಕೆ ಬೀಳಿಸಿ ತೋರಿಸಿತ್ತು.

ಹಾಗಾದರೆ ಇದು ನಿಜವಾಗಿಯೂ ವಿಮಾನ ಚಾಲಕರ ಗಡಿಯಾರವೇ? ಉತ್ತರಕ್ಕೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಉಪಗ್ರಹಗಳಿಲ್ಲದ ಆ ದಿನಗಳಲ್ಲಿ ರಾತ್ರಿ ಹಾರಾಟದಲ್ಲಿ ವಿಮಾನವಿರುವ ಜಾಗವನ್ನು ನಕ್ಷತ್ರಗಳನ್ನು ನೋಡಿ ಲೆಕ್ಕಹಾಕಬೇಕಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೂ ಭೂಮಧ್ಯರೇಖೆಯ ಬಳಿ ಲೆಕ್ಕ ಸುಮಾರು 1.85 ಕಿ.ಮೀ. ತಪ್ಪುತ್ತದೆ. ಇಂಥ ಕೆಲಸಕ್ಕೆಂದೇ ಜರ್ಮನಿಯ ವಾಯುಪಡೆ 55 ಮಿ.ಮೀ. ಅಗಲದ ದೈತ್ಯ ಗಡಿಯಾರಗಳನ್ನು ಮಾಡಿಸಿತು. ಅವನ್ನು ಜಾಕೆಟ್ಟಿನ ತೋಳಿನ ಮೇಲೆಯೇ ಕಟ್ಟಿಕೊಳ್ಳುತ್ತಿದ್ದರು. ಯುದ್ಧಾನಂತರ ಬ್ರಿಟನ್ನಿನ ವಾಯುಪಡೆಗಾಗಿ ಐಡಬ್ಲ್ಯುಸಿ ಮತ್ತು ಜೇಗರ್-ಲಕೂಲ್ಟ್ರ್ ಕಂಪನಿಗಳು ತಯಾರಿಸಿದ ‘ಮಾರ್ಕ್ 11’ ಗಾತ್ರದಲ್ಲಿ ಚಿಕ್ಕದಾದರೂ ಗುಣದಲ್ಲಿ ಹಿರಿದು. ವಿಮಾನದ ಉಪಕರಣಗಳ ಕಾಂತಕ್ಷೇತ್ರ ಯಂತ್ರವನ್ನು ಕೆಡಿಸದಂತೆ ಅದಕ್ಕೆ ಮೃದು ಕಬ್ಬಿಣದ ಒಳಕವಚ ತೊಡಿಸಲಾಗಿತ್ತು. ಕೀಲಿಯನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತಿತ್ತು, ಹಾಗಾಗಿ ಎಲ್ಲರೂ ತಮ್ಮ ಗಡಿಯಾರಗಳನ್ನು ಒಂದೇ ಕ್ಷಣಕ್ಕೆ ಹೊಂದಿಸಬಹುದಿತ್ತು.

ಎಚ್‌ಎಂಟಿ ಪೈಲಟ್ ಈ ವಂಶದ ರೂಪವನ್ನು ಪಡೆದುಕೊಂಡಿತೇ ಹೊರತು ಈ ಎಲ್ಲ ಸಲಕರಣೆಗಳನ್ನಲ್ಲ. ಕಬ್ಬಿಣದ ಕವಚ ಅದರಲ್ಲಿಲ್ಲ. ಯಂತ್ರವೂ ‘ಜನತಾ’ದಂಥ ಸಾಮಾನ್ಯ ಗಡಿಯಾರಗಳ ಯಂತ್ರದ ಕುಟುಂಬದ್ದೇ. ಇದರಿಂದ ಅದರ ಬೆಲೆ ಕುಗ್ಗಬೇಕಿಲ್ಲ. ಸಾಧಾರಣ ಸಂಬಳದ ನೌಕರನ ಕೈಗೂ ವಿಮಾನಯಾನದ ಒಂದಿಷ್ಟು ಸೊಗಸನ್ನು ತಂದದ್ದೇ ಅದರ ಹೆಗ್ಗಳಿಕೆ. ಆದರೆ ‘ವಾಯುಪಡೆಯಿಂದ ಬಂದದ್ದು’ ಎಂಬ ಮಾತಿಗೆ ಮರುಳಾಗಿ ಹೆಚ್ಚು ಹಣ ಕೊಡುವವರು ಎಚ್ಚರದಿಂದಿರಬೇಕು. ಡಯಲ್ ಮೇಲಿನ ಹೆಸರು ಸೇನಾ ಬಳಕೆಗೆ ಪುರಾವೆಯಲ್ಲ.

ಇನ್ನು ಕಲಬೆರಕೆಯ ಮಾತು. 2014ರಲ್ಲಿ ಗಡಿಯಾರ ಘಟಕ ಮುಚ್ಚುವ ಸುದ್ದಿ ಹೊರಬಿದ್ದಾಗ ಮಳಿಗೆಗಳಿಗೆ ಜನ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು. ಬೆಂಗಳೂರಿನ ಯಂತ್ರಗಳು ಸದ್ದಡಗಿಸಿದವು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಕಂಪನಿ ಮುಚ್ಚಿದರೂ ಬೇಡಿಕೆ ನಿಲ್ಲಲಿಲ್ಲ. ಆ ಅಂತರವನ್ನು ತುಂಬಿದ್ದು ಹಳೆಯ ಯಂತ್ರಕ್ಕೆ ಹೊಸದಾಗಿ ಮುದ್ರಿಸಿದ ಡಯಲ್ ಕೂರಿಸಿ, ಹೊಳಪು ಕೊಟ್ಟು ಮಾರುವ ವ್ಯಾಪಾರ. ಇಂಥವುಗಳಿಗೆ ವಿದೇಶಿ ಸಂಗ್ರಾಹಕರು ವ್ಯಂಗ್ಯವಾಗಿ ‘ಮುಂಬೈ ಸ್ಪೆಷಲ್’ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಗುರುತಿಸುವುದು ಅಸಾಧ್ಯವೇನಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಮರುಮುದ್ರಿತ ಡಯಲ್‌ನಲ್ಲಿ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗುವುದಿಲ್ಲ. ಮುಳ್ಳುಗಳು ನಿಮಿಷದ ಗೆರೆಯನ್ನು ಮುಟ್ಟದೆ ಮೊಟಕಾಗಿದ್ದರೆ ಅವು ಬೇರೆ ಮಾದರಿಯವು. ಕಡುಕಿತ್ತಳೆ, ನೇರಳೆ ಮುಂತಾದ ಬಣ್ಣದ ‘ಪೈಲಟ್’ ಕಂಡರೆ ಅನುಮಾನಿಸುವುದೇ ಲೇಸು. ಹಿಂಬದಿಯ ಮುಚ್ಚಳ ತೆಗೆಸದೆ ಕೊಳ್ಳಲೇಬಾರದು: ಯಂತ್ರದ ಮೇಲೆ ಎಚ್‌ಎಂಟಿ ಗುರುತಿದೆಯೇ, ತಿರುಪುಗಳ ತಲೆ ಸವೆದಿವೆಯೇ, ತುಕ್ಕು ಹಿಡಿದಿದೆಯೇ ಎಂಬುದು ಆಗಲೇ ತಿಳಿಯುವುದು. ನಲವತ್ತು ವರ್ಷದ ಡಯಲ್ ಒಂದೆರಡು ಕಲೆಯೂ ಇಲ್ಲದೆ ಕಡುಗಪ್ಪಾಗಿ ಮಿನುಗುತ್ತಿದ್ದರೆ ಸಂತೋಷಪಡುವ ಮೊದಲು ಪ್ರಶ್ನೆ ಕೇಳಬೇಕು.

ವಿದೇಶಿ ಸೇನಾ ಗಡಿಯಾರಗಳತ್ತ ಕಣ್ಣು ಹಾಯಿಸುವವರಿಗೆ ಇನ್ನೊಂದು ಅಪಾಯವುಂಟು. ಮೊದಮೊದಲಿನ ಮಾರ್ಕ್ 11 ಗಡಿಯಾರಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿಯಲಾಗಿತ್ತು. ಆ ಹೊಳಪು ಎಂದೋ ನಂದಿರುತ್ತದೆ, ವಿಕಿರಣ ನಂದಿರುವುದಿಲ್ಲ; ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಡಯಲ್ ಮೇಲೆ ವೃತ್ತದೊಳಗೆ ‘ಟಿ’ ಅಕ್ಷರವಿದ್ದರೆ ಅದು ನಂತರ ಬಂದ, ಹೆಚ್ಚು ಸೌಮ್ಯವಾದ ಟ್ರಿಟಿಯಂ. ರೇಡಿಯಂ ಗಡಿಯಾರವನ್ನು ಮನೆಯಲ್ಲಿ ಬಿಚ್ಚುವುದಾಗಲಿ, ಉದುರುವ ಪುಡಿಯನ್ನು ಊದುವುದಾಗಲಿ ಸಲ್ಲದು.

ಪೈಲಟ್ ಕೊಂಡವರು ಮೊದಲು ಮಾಡಬೇಕಾದದ್ದು ಒಳ್ಳೆಯ ರಿಪೇರಿಯವರನ್ನು ಹುಡುಕುವುದು. ಒಣಗಿದ ಎಣ್ಣೆಯಲ್ಲೇ ಓಡಿಸಿದರೆ ಚಕ್ರಗಳ ಅಚ್ಚು ಸವೆಯುತ್ತದೆ. ಮಳೆಯಲ್ಲಿ ಕಟ್ಟಿಕೊಳ್ಳಬಾರದು, ಏಕೆಂದರೆ ಹಳೆಯ ಕವಚಗಳು ನೀರನ್ನು ತಡೆಯವು. ಬಿಡಿಭಾಗಗಳ ವಿಚಾರದಲ್ಲಿ ಒಂದು ಸಮಾಧಾನವಿದೆ. ಮೂಲೆ ಸೇರಿದ ಹಳೆಯ ಜನತಾ ಒಂದು ಮನೆಯಲ್ಲಿದ್ದರೆ, ಪೈಲಟ್‌ಗೆ ಬೇಕಾದ ಚಕ್ರ, ಸ್ಪ್ರಿಂಗ್‌ಗಳು ಬಹುಮಟ್ಟಿಗೆ ಅದರಲ್ಲೇ ಸಿಗುತ್ತವೆ.