ಹಾಲಿನ ಪುಡಿ ಹೊರದೇಶಕ್ಕೆ ಹೋಗಬೇಕಾದರೆ



ಹಾಲಿನ ಪುಡಿ, ಕೇಸಿನ್ ಮುಂತಾದವನ್ನು ರಫ್ತು ಮಾಡುವಾಗ ನಮ್ಮ ದೇಶದ ನಿಯಮ ಪಾಲಿಸಿದರಷ್ಟೇ ಸಾಲದು. ಕೊಳ್ಳುವ ದೇಶದ ನಿಯಮಕ್ಕೂ ಮಾಲು ಸರಿಹೊಂದಬೇಕು. ಅಫ್ಲಾಟಾಕ್ಸಿನ್ ಎಂ1 ಎಂಬ ವಿಷವನ್ನೇ ನೋಡಿ. ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ ನಿಯಮ. ಯುರೋಪ್ ಒಕ್ಕೂಟದ ಮಿತಿ 0.05, ಅಂದರೆ ನಮ್ಮದರ ಹತ್ತನೇ ಒಂದು ಪಾಲು!

ಈ ವಿಷ ಡೇರಿಯಲ್ಲಿ ಹುಟ್ಟುವುದಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ತಿಂದ ರಾಸಿನ ಹಾಲಿಗೆ ಇಳಿದು ಬರುತ್ತದೆ. ಹಾಲು ಕಾಯಿಸಿದರೂ, ಪುಡಿ ಮಾಡಿದರೂ ಹೋಗದು. ಆದ್ದರಿಂದ ಹಿಂಡಿ ಮೂಟೆಯನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಿ. ಬೂಷ್ಟು ಬಂದದ್ದನ್ನು ಬಿಸಿಲಿಗೆ ಒಣಗಿಸಿ ಹಾಕೋಣವೆನ್ನಬೇಡಿ. ಬಿಸಿಲಿಗೆ ತೇವ ಹೋದೀತು, ವಿಷ ಹೋಗುವುದಿಲ್ಲ.

ಇನ್ನೊಂದು ತೊಡಕು ಆಂಟಿಬಯಾಟಿಕ್. ಕೆಚ್ಚಲು ಬಾವಿಗೆ ಔಷಧ ಕೊಡಿಸಿದಾಗ ಅದರ ಲೇಬಲ್ಲಿನಲ್ಲಿ ಬರೆದಷ್ಟು ದಿನ ಆ ರಾಸಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ದಿನ ನಮೂದಿಸದಿದ್ದರೆ ಕನಿಷ್ಠ 7 ದಿನವೆಂದು 2012ರಲ್ಲಿ ನಿಯಮವಾಗಿದೆ. ಒಂದು ವಾರದ ಬಟವಾಡೆ ಬಿಡುವುದು ಕಷ್ಟವೇ, ಒಪ್ಪೋಣ. ಆದರೆ ನಿಮ್ಮ ಹಾಲು ಬೀಳುವ ಕ್ಯಾನಿನಲ್ಲಿ ನೆರೆಯವರ ಹಾಲೂ ಇರುತ್ತದೆ. ಔಷಧವನ್ನು ಒಂದೇ ಮೊಲೆಗೆ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ತಡೆಹಿಡಿಯಬೇಕು.