ಊರಾಚೆಯ ಮನೆಗೆ ಸಾಮಾನು ಸಾಗಿಸುವ ಮುನ್ನ

ಮೂರು ತಿಂಗಳ ಹಿಂದೆ ಬಿಡದಿಯ ಕಡೆ ಹೊಸ ಬಡಾವಣೆಯೊಂದರಲ್ಲಿ ಮನೆ ಮಾಡಿಕೊಂಡ ದಂಪತಿಗಳು ಮೊನ್ನೆ ಮಕ್ಕಳೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅಲ್ಲಿಯವರೆಗೆ ಚಾಮರಾಜಪೇಟೆಯ ವಠಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದವರು. ಹತ್ತು ತಿಂಗಳ ಕೂಸಿಗೆ ಮೂರನೆಯ ಬಾರಿ ಭೇದಿ. ನಾಲ್ಕು ವರ್ಷದ ಹುಡುಗ ಶಾಲೆಯಲ್ಲಿ ತೂಕಡಿಸುತ್ತಾನೆ, ಮನೆಯಲ್ಲಿ ಮಾತೆತ್ತಿದರೆ ಅಳುತ್ತಾನೆ. ಹೆಂಡತಿಗೆ ಉರಿಮೂತ್ರ, ಗಂಡನಿಗೆ ಸೊಂಟನೋವು.

“ಒಳ್ಳೆ ಗಾಳಿ ಸಿಗಲಿ, ಮಕ್ಕಳಿಗೆ ಆಡೋಕೆ ಜಾಗ ಇರಲಿ ಅಂತ ಹೋದ್ವಿ ಡಾಕ್ಟ್ರೇ. ಹೋದ ಮೇಲೇ ಎಲ್ಲರಿಗೂ ಕಾಯಿಲೆ. ಮನೆ ವಾಸ್ತು ಸರಿಯಿಲ್ಲವೇನೋ ಅಂತಾರೆ ನಮ್ಮತ್ತೆ” ಎಂದರು ಆಕೆ.

ವಾಸ್ತುವಿನ ವಿಷಯ ನನಗೆ ತಿಳಿಯದು. ಆದರೆ ಈಶಾನ್ಯ ಮೂಲೆಯಲ್ಲಿ ಶಾಸ್ತ್ರೋಕ್ತವಾಗಿ ತೋಡಿಸಿದ ಆ ಮನೆಯ ನೀರಿನ ಸಂಪಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದಾಗ ಕೂಸಿನ ಭೇದಿಯ ಮೂಲ ಹೊಳೆಯಿತು. ಸಂಪಿನ ಮುಚ್ಚಳ ರಸ್ತೆಯ ಮಟ್ಟಕ್ಕೇ ಇದೆ. ಮಳೆ ಬಂದರೆ ಬೀದಿಯ ನೀರು ಒಳಗೆ ಇಳಿಯುತ್ತದೆ. ಬಡಾವಣೆಗೆ ಒಳಚರಂಡಿ ಇಲ್ಲ, ಪ್ರತಿ ಮನೆಗೂ ಶೌಚದ ಗುಂಡಿ. ಪಕ್ಕದ ಮನೆಯ ಗುಂಡಿ ಇವರ ಸಂಪಿನಿಂದ ಹತ್ತೇ ಅಡಿ ದೂರ. ಕೊಳವೆಬಾವಿಯಲ್ಲಿ ನೀರು ಸಾಲದಾದಾಗ ಟ್ಯಾಂಕರ್ ಬರುತ್ತದೆ. ಆ ನೀರು ಎಲ್ಲಿಯದೆಂದು ಯಾರೂ ಕೇಳಿಲ್ಲ. “ಕುಡಿಯೋಕೆ ಆರ್‌ಓ ಇದೆಯಲ್ಲ!” ಎಂದರು ಗಂಡ. ನಿಜ. ಆದರೆ ಕೂಸಿಗೆ ಗಂಜಿ ಕುಡಿಸುವ ಬಟ್ಟಲು, ಚಮಚ, ಹಾಲಿನ ಬಾಟಲು ತೊಳೆಯುವುದು ಯಾವ ನೀರಿನಲ್ಲಿ? ನಲ್ಲಿಯ ನೀರಿನಲ್ಲಿ. ದೊಡ್ಡವರ ಹೊಟ್ಟೆ ತಡೆದುಕೊಂಡಿದ್ದನ್ನು ಕೂಸಿನ ಹೊಟ್ಟೆ ತಡೆಯಲಿಲ್ಲ.

ನಗರದ ಹಳೆಯ ಬಡಾವಣೆಗಳಲ್ಲಿ ಬೆಳೆದವರು ನೀರಿನ ಬಗ್ಗೆ ಯೋಚಿಸಿದವರೇ ಅಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಶುದ್ಧೀಕರಿಸಿದ, ಕ್ಲೋರಿನ್ ಬೆರೆತ ನೀರು ನಲ್ಲಿಗೆ ಬರುತ್ತಿತ್ತು. ಊರಾಚೆಗೆ ಹೋದೊಡನೆ ಆ ಕೆಲಸವೆಲ್ಲ ಮನೆಯವರ ತಲೆಗೆ ಬರುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ. ಪ್ರತಿ ಜಿಲ್ಲೆಯಲ್ಲೂ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯವಿದೆ, ಖಾಸಗಿಯವೂ ಇವೆ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿಯಲ್ಲಿ ನೀರು ಹಿಡಿದು ಅದೇ ದಿನ ತಲುಪಿಸಬೇಕು. ರಾಸಾಯನಿಕಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎರಡು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಹೇಳಬೇಕಿಲ್ಲ. ಹಲ್ಲು ಮೂಡುತ್ತಿರುವ ವಯಸ್ಸಿನ ಮಗು ಕುಡಿದರೆ ಕಂದು ಕಲೆ ಜೀವನಪೂರ್ತಿ ಉಳಿಯುತ್ತದೆ. ನೈಟ್ರೇಟ್ ಹೆಚ್ಚಿರುವುದು ಅಕ್ಕಪಕ್ಕದ ಶೌಚಗುಂಡಿಯ ಇಲ್ಲವೇ ಗದ್ದೆಗೊಬ್ಬರದ ಗುರುತು. ಡಬ್ಬಿಹಾಲು ಕಲಸಿ ಕುಡಿಸುವ ಎಳೆಗೂಸುಗಳಿಗೆ ಅದು ಅಪಾಯಕಾರಿ, ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್, ನೈಟ್ರೇಟ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಸ್ವಲ್ಪ ಗಟ್ಟಿಯಾಗುತ್ತವೆ. ಇವೆರಡು ಹೆಚ್ಚಿರುವ ಕಡೆ ಆರ್‌ಓ ನಿಜಕ್ಕೂ ಬೇಕು. ಇಲ್ಲದ ಕಡೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದ ನೀರು ಸಾಕು.

ಇಲ್ಲೊಂದು ಎಚ್ಚರಿಕೆ. ಹೊಸ ಬಡಾವಣೆಗೆ ಹೋದ ವಾರದೊಳಗೆ ಯಂತ್ರ ಮಾರುವವರು ಬಾಗಿಲಿಗೆ ಬರುತ್ತಾರೆ. ನಿಮ್ಮ ನೀರಿಗೆ ಎರಡು ಕಡ್ಡಿ ಅದ್ದಿ ವಿದ್ಯುತ್ ಹರಿಸಿದರೆ ಲೋಟದಲ್ಲಿ ಕೆಂಪು ಬಗ್ಗಡ ಏಳುತ್ತದೆ. ಅವರದೇ ಯಂತ್ರದ ನೀರಿನಲ್ಲಿ ಏಳುವುದಿಲ್ಲ. ನೋಡಿದವರು ಹೌಹಾರುತ್ತಾರೆ. ಆ ಬಗ್ಗಡದ ಬಹುಪಾಲು ಕಬ್ಬಿಣದ ಕಡ್ಡಿಯಿಂದಲೇ ಬಿಟ್ಟದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರಿಗೂ ಮಿತಿ ಇದೆ. ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅದು ತೋರಿಸುತ್ತದೆ (500ರ ಒಳಗಿದ್ದರೆ ಒಳ್ಳೆಯದು). ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಇವೆಯೇ ಎಂಬುದನ್ನು ಹೇಳಲಾರದು.

ಸಂಪಿನ ಮುಚ್ಚಳದ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿಸಿ. ಆರು ತಿಂಗಳಿಗೊಮ್ಮೆಯಾದರೂ ಬಳಿದು ತೊಳೆಸಿ. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಇನ್ನು, ಗಡಸು ನೀರಿನಿಂದ ಕೂದಲು ಉದುರುತ್ತದೆ ಎಂಬ ದೂರು. ಆ ತಾಯಿಯೂ ಹೇಳಿದರು. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಶುರುವಾಗುವ ಕೂದಲುದುರುವಿಕೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಮನೆ ಬದಲಾಯಿಸಿದ್ದು ಅದೇ ಸಮಯಕ್ಕೆ ಬಿದ್ದಿತು, ನೀರಿಗೆ ಕೆಟ್ಟ ಹೆಸರು ಬಂತು!

ಆಕೆಯ ಉರಿಮೂತ್ರದ ಕಾರಣ ಬೇರೆ. ಕೆಲಸಕ್ಕೆ ಮೆಜೆಸ್ಟಿಕ್ ದಾಟಿ ಹೋಗಬೇಕು. ಬಸ್ಸು, ಮೆಟ್ರೊ, ಮತ್ತೆ ನಡಿಗೆ. ದಾರಿಯಲ್ಲಿ ಶೌಚಾಲಯದ ಚಿಂತೆ, ಹಾಗಾಗಿ ಬೆಳಿಗ್ಗೆ ಕಾಫಿ ಬಿಟ್ಟರೆ ನೀರೇ ಕುಡಿಯುವುದಿಲ್ಲ. ಮೂತ್ರ ಕಟ್ಟಿಕೊಂಡೇ ಕಚೇರಿ ತಲುಪುತ್ತಾರೆ. ನೀರು ಕಡಿಮೆ ಕುಡಿದು ಮೂತ್ರ ತಡೆಯುವ ಹೆಂಗಸರಿಗೆ ಸೋಂಕು ಮತ್ತೆ ಮತ್ತೆ ಬರುತ್ತದೆ. ಮೂತ್ರದಲ್ಲಿ ಕಲ್ಲು ಕಟ್ಟುವುದಕ್ಕೂ ಗಡಸು ನೀರಿಗಿಂತ ಕಡಿಮೆ ನೀರೇ ದೊಡ್ಡ ಕಾರಣ. ಹೊರಡುವ ಮುನ್ನ ಒಮ್ಮೆ, ತಲುಪಿದೊಡನೆ ಒಮ್ಮೆ ಮೂತ್ರವಿಸರ್ಜನೆ. ಕಚೇರಿಯಲ್ಲಿ ಕುಳಿತ ಗಂಟೆಗಳಲ್ಲಿ ಧಾರಾಳವಾಗಿ ನೀರು. ಇಷ್ಟು ಮಾಡಿದರೆ ಬಹಳ ಮಂದಿಗೆ ಮಾತ್ರೆಯ ಅಗತ್ಯ ಕಡಿಮೆಯಾಗುತ್ತದೆ. ಗಂಡ ಸ್ಕೂಟರಿನಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುತ್ತಿದ್ದರು, ದಿನಕ್ಕೆ ನಾಲ್ಕು ಗಂಟೆ. ಸೊಂಟನೋವಿಗೆ ನಾನು ಬರೆದುಕೊಟ್ಟ ಮುಖ್ಯ ಔಷಧಿ ಚಲ್ಲಘಟ್ಟದಲ್ಲಿ ಸ್ಕೂಟರ್ ನಿಲ್ಲಿಸಿ ಮೆಟ್ರೊ ಹತ್ತುವುದು. 2023ರ ಅಕ್ಟೋಬರಿನಿಂದ ಅಲ್ಲಿಂದ ವೈಟ್‌ಫೀಲ್ಡಿನವರೆಗೆ ನೇರ ಗಾಡಿ ಇದೆ. ಸಮಯ ಹೆಚ್ಚೇನೂ ಉಳಿಯದಿರಬಹುದು, ಆದರೆ ನಿದ್ದೆಗಣ್ಣಿನಲ್ಲಿ ಹ್ಯಾಂಡಲ್ ಹಿಡಿಯುವುದು ತಪ್ಪುತ್ತದೆ.

ಹುಡುಗನ ವಿಷಯಕ್ಕೆ ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಪ್ಪ ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಅಪ್ಪನನ್ನು ನೋಡದೆ ಅವನು ಮಲಗುವುದಿಲ್ಲ. ಅಪ್ಪನಿಗೂ ಅವನು ಎಚ್ಚರವಿರಲಿ ಎಂಬ ಆಸೆ. ಊಟ, ಆಟ ಮುಗಿಯುವಾಗ ಹನ್ನೊಂದು. ಬೆಳಿಗ್ಗೆ ಆರೂವರೆಗೆ ಶಾಲೆಯ ವ್ಯಾನಿಗೆ ಎಬ್ಬಿಸಬೇಕು. ಮೂರರಿಂದ ಐದು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದದ್ದು ಏಳೂವರೆ. ಹಠ, ಅಳು, ತರಗತಿಯ ತೂಕಡಿಕೆ ಎಲ್ಲಕ್ಕೂ ಅಷ್ಟೇ ಸಾಕು. ಮಗು ಎಂಟೂವರೆಗೆ ಮಲಗಲಿ, ಅಪ್ಪನ ಪಾಲಿನ ಹೊತ್ತು ಬೆಳಗಿಗೆ ಬರಲಿ. ಹಲ್ಲುಜ್ಜಿಸುವುದು, ಸ್ನಾನ ಮಾಡಿಸುವುದು, ಷೂ ಲೇಸು ಕಟ್ಟುವುದು ಅವರ ಕೆಲಸವಾಗಲಿ ಎಂದೆ. “ಹಾಗಾದ್ರೆ ಸಂಜೆ ಅವನು ನನ್ನನ್ನು ನೋಡೋದೇ ಇಲ್ವಲ್ಲ ಸಾರ್” ಎಂದರು. ಶನಿವಾರ, ಭಾನುವಾರ ನೋಡುತ್ತಾನೆ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಊರಾಚೆಯ ಮನೆಯ ಬೆಲೆಯಲ್ಲಿ ಇದನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಕೂಸಿನ ತಾಯಿ ಕಾರ್ಡು ನೋಡಿದೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಚುಚ್ಚುಮದ್ದು ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಮನೆ ಬದಲಾಯಿಸಿದವರಲ್ಲಿ ಇದು ತೀರ ಸಾಮಾನ್ಯ. ತಪ್ಪಿದ ಲಸಿಕೆಯನ್ನು ಆದಷ್ಟು ಬೇಗ ಹಾಕಿಸಿದರಾಯಿತು, ಮೊದಲಿನಿಂದ ಶುರು ಮಾಡಬೇಕಿಲ್ಲ. ಹೊಸ ಜಾಗದ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದೆಂದು ತಿಳಿದುಕೊಂಡು ಆಶಾ ಕಾರ್ಯಕರ್ತೆಗೆ ಮಗುವಿನ ಹೆಸರು ಬರೆಸಿ.

ಅಕ್ಕಪಕ್ಕ ಮನೆ ಕಟ್ಟುತ್ತಿದ್ದರೆ ಅವರ ತಾರಸಿಯ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರನ್ನೂ ಗಮನಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ವಾರ ಹತ್ತು ದಿನದಲ್ಲಿ ಹಾರಾಡಲು ಸಿದ್ಧವಾಗುತ್ತದೆ. ವಾರಕ್ಕೊಂದು ಸಲ ನೀರು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಲು ಮೇಸ್ತ್ರಿಗೆ ಹೇಳಿ. ಹಗಲು ಮಲಗುವ ಕೂಸಿಗೂ ಸೊಳ್ಳೆಪರದೆ ಕಟ್ಟಿ.

ಖಾಲಿ ಸೈಟುಗಳ ನಡುವಿನ ಮನೆಯಲ್ಲಿ ಹಾವಿನ ವಿಚಾರ ಮರೆಯುವಂತಿಲ್ಲ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಊತವಾಗಲಿ ಕಾಣದೆ ಇರಬಹುದು. ಮಲಗಿದ ಮಗು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಬೆಳಗಾಗಲೆಂದು ಕಾಯಬೇಡಿ. ಮಕ್ಕಳನ್ನು ಮಂಚದ ಮೇಲೆ, ಅಂಚು ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿಸಿ. ಕಚ್ಚಿದ ಜಾಗಕ್ಕೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ಕೈಕಾಲು ಅಲ್ಲಾಡಿಸದಂತೆ ಮಲಗಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಬೀದಿನಾಯಿ ಕಚ್ಚಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಚುಚ್ಚುಮದ್ದು ಆರಂಭಿಸಿ.

ಯಾವ ಆಸ್ಪತ್ರೆಗೆ? ಹೊರಡುವ ಮುನ್ನ ಆ ದಂಪತಿಗಳನ್ನು ಇದನ್ನೇ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೆಯ ವೈದ್ಯನನ್ನು ಮರೆಯದೆ ಬಂದದ್ದು ನನಗೇನೋ ಸಂತೋಷವೇ, ಆದರೆ ಭೇದಿಯಿಂದ ಬಳಲಿದ ಕೂಸನ್ನು ಅಷ್ಟು ದೂರದಿಂದ ಎತ್ತಿಕೊಂಡು ಬರುವುದು ಸರಿಯಲ್ಲ. ರಾತ್ರಿ ವೈದ್ಯರಿರುವ ಆಸ್ಪತ್ರೆ ಯಾವುದು, ಹಾವಿನ ವಿಷಕ್ಕೆ ಪ್ರತಿವಿಷ ಎಲ್ಲಿ ಇಟ್ಟಿರುತ್ತಾರೆ, ತಾಲ್ಲೂಕು ಆಸ್ಪತ್ರೆ ಎಷ್ಟು ದೂರ ಎಂದು ಒಂದು ಭಾನುವಾರ ಸುತ್ತಿ ವಿಚಾರಿಸಿ ಬನ್ನಿ. 108ಕ್ಕೆ ಕರೆ ಮಾಡಿದಾಗ ಮನೆಯ ಗುರುತು ಹೇಳಲು ಬರಬೇಕು; ಹೊಸ ಬಡಾವಣೆಯಲ್ಲಿ ಎಲ್ಲ ಅಡ್ಡರಸ್ತೆಗಳೂ ಒಂದೇ ತರಹ ಕಾಣುತ್ತವೆ. ಹತ್ತಿರದ ದೇವಸ್ಥಾನವೋ ನೀರಿನ ಟ್ಯಾಂಕೋ ಗುರುತಿಗೆ ಇರಲಿ. ಇವನ್ನೆಲ್ಲ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿಡಿ. ಹಗಲಿಡೀ ಮಕ್ಕಳ ಜೊತೆಗಿರುವ ಅಜ್ಜಿಗೆ ನಿಮ್ಮ ಮೊಬೈಲಿನ ಬೀಗ ತೆಗೆಯಲು ಬರುವುದಿಲ್ಲ.