ಫ್ಯಾರಡೆಯ ಕ್ರಮಸಂಖ್ಯೆಗಳು

ಒಂದು ಗ್ರಂಥದಲ್ಲಿರುವ ವಿಷಯವನ್ನು ಮತ್ತೊಬ್ಬರಿಗೆ ತೋರಿಸಬೇಕಾದಾಗ ನಾವು ಪುಟದ ಸಂಖ್ಯೆಯನ್ನು ಹೇಳುವುದು ವಾಡಿಕೆ. ಅದೇ ಗ್ರಂಥವು ಬೇರೆ ಅಳತೆಯ ಕಾಗದದ ಮೇಲೆ ಮತ್ತೆ ಅಚ್ಚಾಯಿತೆನ್ನೋಣ. ಪುಟಗಳೆಲ್ಲ ಪಲ್ಲಟಗೊಂಡು ನಾವು ಕೊಟ್ಟ ಸಂಖ್ಯೆಯು ನಿರರ್ಥಕವಾಗುವುದು. ಒಂದೇ ಪಾಠವು ಉಪನ್ಯಾಸವಾಗಿ, ಪತ್ರಿಕೆಯ ಲೇಖನವಾಗಿ, ಪುಸ್ತಕವಾಗಿ, ಮೊಬೈಲಿನ ಪರದೆಯ ಮೇಲಿನ ಚಿತ್ರವಾಗಿ ರೂಪಾಂತರ ಹೊಂದುವ ಈ ಕಾಲದಲ್ಲಿ ತೊಡಕು ಇನ್ನೂ ಹೆಚ್ಚು. ಶ್ರಮಪಟ್ಟು ಸಂಪಾದಿಸಿದ ವಿಷಯವನ್ನು ಹಲವು ರೂಪಗಳಲ್ಲಿ ಬಳಸಬೇಕಾದರೆ ಮೊದಲಲ್ಲಿಯೇ ಅದನ್ನು ಹೇಗೆ ಜೋಡಿಸಿಡಬೇಕು? ಮೈಕೇಲ್ ಫ್ಯಾರಡೆಯು (1791-1867) ಇದಕ್ಕೆ ಬಹು ಸರಳವಾದ ಒಂದು ಉಪಾಯವನ್ನು ಕಂಡುಕೊಂಡಿದ್ದನು.

ಫ್ಯಾರಡೆಯು ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತವನು. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ವಿಸ್ತರಿಸಿ ಬರೆದು, ಚಿತ್ರಗಳನ್ನು ಸೇರಿಸಿ, ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ಅಲ್ಲಿಯೇ ಅವನಿಗೆ ಸಹಾಯಕನ ಕೆಲಸ ದೊರೆಯಿತು.

1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಅವನು ರಾಯಲ್ ಸೊಸೈಟಿಗೆ ವಿದ್ಯುತ್ತನ್ನು ಕುರಿತ ಒಂದು ಪ್ರಬಂಧಮಾಲೆಯನ್ನೇ ಒಪ್ಪಿಸಿದನು. ಅದರಲ್ಲಿ ಪ್ರತಿಯೊಂದು ಕಂಡಿಕೆಗೂ ಕ್ರಮಸಂಖ್ಯೆಯುಂಟು. ಒಂದು ಪ್ರಬಂಧವು ನಿಂತ ಸಂಖ್ಯೆಯಿಂದ ಮುಂದಿನದರ ಎಣಿಕೆಯು ಸಾಗುವುದು. ಹಿಂದೆ ಹೇಳಿದುದನ್ನು ನೆನಪಿಸಬೇಕಾದಾಗ ಆ ಸಂಖ್ಯೆಯನ್ನು ಕಂಸದಲ್ಲಿ ಕೊಟ್ಟರೆ ಸಾಕು. ಈ ಪ್ರಬಂಧಗಳು 1839, 1844 ಮತ್ತು 1855ರಲ್ಲಿ ಮೂರು ಸಂಪುಟಗಳಲ್ಲಿ ಸೇರಿ ಹೊರಬಂದುವು. ಪುಟಗಳು ಬದಲಾದುವು, ಕಂಡಿಕೆಯ ಸಂಖ್ಯೆಗಳು ಮಾತ್ರ ಬದಲಾಗಲಿಲ್ಲ. (ಅಕ್ಷಗಳನ್ನು ತಿರುಗಿಸಿದರೂ ಸದಿಶದ ಉದ್ದವು ಬದಲಾಗದೆಂದು ನಾವು ಪಾಠ ಹೇಳುವುದಿಲ್ಲವೇ? ಇದೂ ಅಂತಹುದೇ.) ಪ್ರಯೋಗಶಾಲೆಯ ದಿನಚರಿಗಾಗಿ 1832ರಲ್ಲಿ ಆರಂಭಿಸಿದ ಮತ್ತೊಂದು ಎಣಿಕೆಯು 1860ರಲ್ಲಿ 16,041ಕ್ಕೆ ಬಂದು ನಿಂತಿತು.

ಆದರೆ ಸಂಖ್ಯೆ ಹಾಕಿದ ಮಾತ್ರಕ್ಕೆ ಎಲ್ಲವೂ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ದಾಟಲಾರದು. ಕ್ರಿಸ್‌ಮಸ್ ರಜೆಯಲ್ಲಿ ಬಾಲಕ ಬಾಲಕಿಯರಿಗಾಗಿ ಫ್ಯಾರಡೆಯು ಮೇಣದ ಬತ್ತಿಯ ರಸಾಯನವನ್ನು ಕುರಿತು 1848ರಲ್ಲಿ ಉಪನ್ಯಾಸಗಳನ್ನು ಕೊಟ್ಟಿದ್ದನು. 1860ರ ಕೊನೆಯಲ್ಲಿ ಅದೇ ವಿಷಯವನ್ನೆತ್ತಿಕೊಂಡು ಆರು ಉಪನ್ಯಾಸಗಳನ್ನು ಮಾಡಿದನು. ಈ ಸಲ ಅವನ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳಲಾಯಿತು. ವಿಲಿಯಂ ಕ್ರೂಕ್ಸನು ಅದನ್ನು ತನ್ನ 'ಕೆಮಿಕಲ್ ನ್ಯೂಸ್' ಪತ್ರಿಕೆಯಲ್ಲಿ ಅಚ್ಚುಮಾಡಿ, 1861ರಲ್ಲಿ ಪುಸ್ತಕವಾಗಿಯೂ ಹೊರತಂದನು. 1782ರಲ್ಲಿ ಮುಳುಗಿದ 'ರಾಯಲ್ ಜಾರ್ಜ್' ಹಡಗಿನಿಂದ ಹೊರತೆಗೆದ ಒಂದು ಬತ್ತಿಯನ್ನು ಅವನು ಸಭೆಗೆ ತೋರಿಸುತ್ತಾನೆ. ಬಹುಕಾಲ ಉಪ್ಪುನೀರಿನಲ್ಲಿ ನೆನೆದರೂ ಹೊತ್ತಿಸಿದರೆ ಉರಿಯುವ ಬತ್ತಿಯದು! ಕಣ್ಣಿಗೆ ಕಾಣದಿದ್ದರೂ ಓದುಗನ ಮನಸ್ಸಿನಲ್ಲಿ ಅದು ನಿಲ್ಲುತ್ತದೆ. ಈ ಪುಸ್ತಕವು ಜಪಾನೀ ಭಾಷೆಯಲ್ಲಿಯೂ ಬಂದಿತು. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಅಕಿರಾ ಯೊಶಿನೊ ಅವರು, ಪ್ರಾಥಮಿಕ ಶಾಲೆಯಲ್ಲಿದ್ದಾಗ ಉಪಾಧ್ಯಾಯರೊಬ್ಬರ ಸೂಚನೆಯಂತೆ ಇದನ್ನು ಓದಿ ರಸಾಯನದತ್ತ ಒಲಿದೆನೆಂದು ಹೇಳಿದ್ದಾರೆ.

ದಾಟದೆ ಉಳಿಯುವುದೂ ಉಂಟು. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಬಗ್ಗಿದ ಗಾಜಿನ ನಳಿಕೆಯ ಒಂದು ತುದಿಯನ್ನಿಟ್ಟು, ಉರಿಯದೆ ಉಳಿದ ಮೇಣದ ಆವಿಯನ್ನು ಹೊರಕ್ಕೆ ತಂದು, ಇನ್ನೊಂದು ತುದಿಯಲ್ಲಿ ಹೊತ್ತಿಸುವ ಪ್ರಯೋಗವೊಂದು ಆ ಪುಸ್ತಕದಲ್ಲಿದೆ. ನಾನು ಅದನ್ನು ಓದಿ ತರಗತಿಯಲ್ಲಿ ಮಾಡಹೊರಟೆನು. ನಳಿಕೆಯ ತುದಿಯಲ್ಲಿ ಕಡ್ಡಿಯ ಮೇಲೆ ಕಡ್ಡಿ ಗೀರಿದರೂ ಏನೂ ಹೊತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಘಂಟೆ ಬಾರಿಸಿದ ಮೇಲೆ ನೋಡುತ್ತೇನೆ, ಒಳಗೋಡೆಯ ಮೇಲೆ ಬಿಳಿಯ ಮೇಣ! ತಣ್ಣನೆಯ ಉದ್ದ ನಳಿಕೆಯಲ್ಲಿ ಆವಿಯು ದಾರಿಯಲ್ಲಿಯೇ ಹೆಪ್ಪುಗಟ್ಟಿತ್ತು. ಮಾಡುವವನ ಕೈಗೆ ತಿಳಿದದ್ದು ಅಚ್ಚಿಗೆ ಇಳಿದಿರಲಿಲ್ಲ. ಇಳಿದಿದ್ದರೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ನಳಿಕೆಯನ್ನು ಅರ್ಧಕ್ಕೆ ಕತ್ತರಿಸಿ, ಮೊದಲು ಬೆಚ್ಚಗೆ ಮಾಡಿಕೊಂಡು, ಅದೇ ವಿದ್ಯಾರ್ಥಿಗಳ ಮುಂದೆ ಮತ್ತೆ ಹಿಡಿದೆನು. ತುದಿಯಲ್ಲಿ ಸಣ್ಣದೊಂದು ಜ್ವಾಲೆ ನಿಂತಿತು. ಆ ಸಂಜೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ನಳಿಕೆಯ ಉದ್ದವನ್ನು ಬರೆದು, ಪಕ್ಕದಲ್ಲಿ ಒಂದು ಸಂಖ್ಯೆಯನ್ನೂ ಹಾಕಿದೆನು.